ಬೆನ್ನಿಗೆ ಬೆನ್ನು

ಕಾಜಾ ಅಕ್ಕ ಹತ್ತೊಂಬತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಕಂಡವರ ಅಂಗಿಗಳಿಗೆ ಗುಂಡಿ ಹಚ್ಚಿದವಳು. ಗುಂಡಿ ತೂರುವ ಕಣ್ಣನ್ನು ಕತ್ತರಿಸಿ, ಅಂಚು ಎಳೆ ಬಿಡದಂತೆ ಸುತ್ತಲೂ ದಾರ ಹೆಣೆಯುವುದಕ್ಕೆ ಕಾಜಾ ಹಾಕುವುದು ಅನ್ನುತ್ತಾರೆ. ಆ ಕೆಲಸದಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ, ಅಂಗಿ ಹರಿದು ಚಿಂದಿಯಾದರೂ ಇವಳ ಕಾಜಾ ಆ ಚಿಂದಿಯೊಳಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ ಎಂದು ಹೊಲಿಗೆ ಮಾಸ್ತರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಮಾಸ್ತರಿಗಿಂತ ದೊಡ್ಡವರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು.

ಅವಳಿಗೆ ಇಪ್ಪತ್ತಾದಾಗ ಅಪ್ಪ ಹೋದ. ಹಿರಿಮಗಳು ಅಂದಮೇಲೆ ಕೇಳಬೇಕೆ. ಇಬ್ಬರು ತಂಗಿಯರನ್ನು ದಡ ಸೇರಿಸಿ, ತಮ್ಮನಿಗೊಂದು ದಾರಿ ಮಾಡಿ, ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷ ಮಗ್ಗುಲು ತಿರುಗಿಸಿ ಮಲಗಿಸಿ, ಕಡೆಗೆ ಅಮ್ಮನನ್ನೂ ಕಳಿಸಿಕೊಟ್ಟು ಉಸ್ಸೆಂದು ತಲೆ ಎತ್ತುವ ಹೊತ್ತಿಗೆ ಮೂವತ್ತೆಂಟು ದಾಟಿತ್ತು. ತನ್ನ ಸರದಿ ಬರುವಷ್ಟರಲ್ಲಿ ಸಾಲೇ ಕರಗಿಹೋಗಿತ್ತು ಎಂದು ಅವಳೇ ನಗುತ್ತ ಹೇಳಿಕೊಳ್ಳುತ್ತಿದ್ದಳು. ನಗು ನಿಜವಾದದ್ದೇ. ಆದರೆ ಸಣ್ಣ ಮಕ್ಕಳ ಅಂಗಿ ಕೈಗೆ ಬಂದ ದಿನ ಅವಳು ಒಂದು ಕೆಲಸ ಮಾಡುತ್ತಿದ್ದಳು. ಗುಂಡಿಗಳನ್ನೆಲ್ಲ ಹಾಕಿ ಮುಗಿಸಿ, ಕತ್ತಿನ ಜಾಗದಲ್ಲಿ ತನ್ನ ಮುಷ್ಟಿ ತೂರಿಸಿ, ಬಟ್ಟೆಯೊಳಗೆ ಯಾರೋ ಇದ್ದ ಹಾಗೆ ಒಂದು ಗಳಿಗೆ ಎತ್ತಿ ಹಿಡಿದು ನೋಡುತ್ತಿದ್ದಳು. ಬಿಗಿಯಾಯಿತೋ ಇಲ್ಲವೋ ನೋಡುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅದೂ ಇತ್ತು.

ಆ ಅಂಗಡಿಗೆ ಒಬ್ಬ ಲೈನ್‌ಮನ್ ಬರುತ್ತಿದ್ದ. ಎತ್ತರದ ಕಂಬ, ಗೋಪುರಗಳನ್ನು ಹತ್ತಿ ಕರೆಂಟಿನ ತಂತಿ ಸರಿಪಡಿಸುವವನು. ಸೊಂಟಕ್ಕೆ ಕಟ್ಟುವ ಪಟ್ಟಿ ಉಜ್ಜಿ ಉಜ್ಜಿ ಅವನ ಸಮವಸ್ತ್ರದ ಕೆಳಗಿನ ಎರಡು ಗುಂಡಿ ತಿಂಗಳಿಗೊಮ್ಮೆ ಕಿತ್ತುಬರುತ್ತಿದ್ದವು. ಒಂದು ಸಲ ಗುಂಡಿ ಒಂದೂ ಕಿತ್ತಿರದಿದ್ದರೂ ಬಂದು ನಿಂತ. ಮಾಸ್ತರು ಊಟಕ್ಕೆ ಹೋಗಿದ್ದರು. ಅಂಗಿ ಬಿಚ್ಚಿಕೊಡುವ ಬದಲು ಕೈ ಹಿಸುಕುತ್ತ ನಿಂತವನು, ಹೆಂಡತಿ ತೀರಿಹೋಗಿ ಎರಡು ವರ್ಷವಾಯಿತು, ಮನೆಯಲ್ಲಿ ಒಂದು ಹೆಣ್ಣುಮಗುವಿದೆ, ತಾಯಿ ನೋಡಿಕೊಳ್ಳುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದ. ಆಮೇಲೆ, "ನಂಗೆ ಹೆಂಡತಿ ಬೇಕೋ ಮಗುಗೆ ತಾಯಿ ಬೇಕೋ, ಅದೇ ಗೊತ್ತಾಗ್ತಿಲ್ಲ. ಸುಳ್ಳು ಹೇಳೋಕೆ ಬರಲ್ಲ," ಅಂದ.

ಗೊತ್ತಾದ ಮೇಲೆ ಬನ್ನಿ ಎಂದು ಕಾಜಾ ಅಕ್ಕ ಸೂಜಿಗೆ ದಾರ ಪೋಣಿಸಿದಳು. ಅವನು ಒಂದು ತಿಂಗಳು ಬಿಟ್ಟು ಬಂದ.

"ಇನ್ನೂ ಗೊತ್ತಾಗಿಲ್ಲ," ಅಂದ. "ಆದ್ರೂ ಬಂದೆ."

ಮದುವೆಯ ರಿಜಿಸ್ಟರಿಗೆ ಮಾಸ್ತರೂ ಅವನ ಕೆಳಮನೆಯ ಹೆಂಗಸೂ ಸಾಕ್ಷಿ ಹಾಕಿದರು. ಅವನಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕಟ್ಟಡ. ಕೆಳಗೊಂದು ಮನೆ, ಹೊರಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಒಂದು ಟ್ರಂಕು, ಒಂದು ಗುಂಡಿ ಡಬ್ಬಿ ಹಿಡಿದು ಕಾಜಾ ಅಕ್ಕ ಆ ಮೆಟ್ಟಿಲು ಹತ್ತಿದಳು.

ಮಗುವಿಗೆ ಆಗ ಎರಡು ತುಂಬಿ ಎಂಟು ತಿಂಗಳು. ಗಾತ್ರ ಕಾಳಿನಷ್ಟು, ಖಾರ ಊರಿಗೆಲ್ಲ ಆಗುವಷ್ಟು ಎಂದು ಅದರ ಅಜ್ಜಿ ಅದಕ್ಕೆ ಮೆಣಸು ಅಂತ ಹೆಸರಿಟ್ಟಿದ್ದಳು. ಐದು ತಿಂಗಳಿನದಾಗಿದ್ದಾಗಿನಿಂದ ಅಜ್ಜಿಯ ಸೊಂಟದಲ್ಲೇ ಬೆಳೆದ ಕೂಸು. ಅದರ ಪಾಲಿಗೆ ತಾಯಿ, ಮನೆ, ಜಗತ್ತು ಎಲ್ಲ ಅಜ್ಜಿಯೇ. ಹಾಗಿರುವಾಗ ಕಾಜಾ ಅಕ್ಕ ಬಂದು ಐದು ದಿನವಾಗಿರಲಿಲ್ಲ, ಅಜ್ಜಿಯ ಮಗಳು ದೂರದ ಊರಲ್ಲಿ ಅವಳಿಜವಳಿ ಹೆತ್ತಳೆಂದು ಸುದ್ದಿ ಬಂತು. ಅಜ್ಜಿ ಹೋಗದೆ ಇರುವಂತಿರಲಿಲ್ಲ. ಮಗು ಮಲಗಿದ್ದಾಗ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹೋದಳು.

ಮೆಣಸು ಎದ್ದು ಎರಡೂ ಕೋಣೆ ಹುಡುಕಿತು. ಆಮೇಲೆ ಲೆಕ್ಕ ಹಾಕಿತು. ಅದರ ಲೆಕ್ಕ ಸರಿಯಾಗಿಯೇ ಇತ್ತು: ಈ ಹೆಂಗಸು ಒಳಗೆ ಬಂದಳು, ಅಜ್ಜಿ ಹೊರಗೆ ಹೋದಳು. ಈ ಹೆಂಗಸು ಹೊರಗೆ ಹೋದರೆ ಅಜ್ಜಿ ಒಳಗೆ ಬರುತ್ತಾಳೆ. ಅಂದಿನಿಂದ ದಿನಾ ಬೆಳಿಗ್ಗೆ ಕಾಜಾ ಅಕ್ಕನ ಚಪ್ಪಲಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ತಂದು, ಹೊಸ್ತಿಲ ಹತ್ತಿರ ಹೊರಮುಖವಾಗಿ ಜೋಡಿಸಿಟ್ಟು, ಪಕ್ಕಕ್ಕೆ ನಿಂತು ಕಾಯುತ್ತಿತ್ತು. ಚಪ್ಪಲಿ ಹುಡುಕುವ ಕೆಲಸ ತಪ್ಪಿತು ಎಂದು ಕಾಜಾ ಅಕ್ಕ ಗಂಡನಿಗೆ ತಮಾಷೆ ಮಾಡಿ ಹೇಳಿದಳು. ಅವನು ನಗಲಿಲ್ಲ. ಅವಳಿಗೂ ನಗು ಕಡೆಯವರೆಗೆ ಬರಲಿಲ್ಲ.

ಎತ್ತಿಕೊಳ್ಳಲು ಹೋದರೆ ಮಗು ಕಟ್ಟಿಗೆಯ ಹಾಗೆ ಸೆಟೆಯುತ್ತಿತ್ತು. ಆಮೇಲೆ ಅಳು. ಅದು ಹಟದ ಅಳುವಲ್ಲ, ಬೇರೆ ಯಾರನ್ನೋ ಕರೆಯುವ ಅಳು. ತಂದೆ ಇದ್ದಾಗ ಅವನ ಕೈಯಿಂದ ಉಣ್ಣುತ್ತಿತ್ತು. ಇಲ್ಲದಾಗ ಕಾಜಾ ಅಕ್ಕ ತಟ್ಟೆ ಇಟ್ಟು ಒಳಗೆ ಹೋಗಬೇಕು. ಆಮೇಲೆ ತಾನೇ ಬಂದು ಅರ್ಧ ಚೆಲ್ಲಿ ಅರ್ಧ ತಿನ್ನುತ್ತಿತ್ತು. ಅಂಗಿಯ ಗುಂಡಿ ಹಾಕುವುದಕ್ಕೂ ಬಿಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಊರಿನವರ ಮಕ್ಕಳ ಗುಂಡಿ ಹಾಕಿದವಳ ಮನೆಯಲ್ಲಿ ಮಗು ಎದೆ ತೆರೆದುಕೊಂಡು ಓಡಾಡುತ್ತಿತ್ತು.

ಎರಡು ತಿಂಗಳು ಹೀಗೇ ಕಳೆಯಿತು. ಚಳಿ ಶುರುವಾಗಿತ್ತು. ಒಂದು ಸಂಜೆ ಎದ್ದ ಬಿರುಗಾಳಿ ಬೆಟ್ಟದಾಚೆಯ ಗೋಪುರಗಳನ್ನೇ ಮಲಗಿಸಿತು. ಲೈನ್‌ಮನ್ನನಿಗೆ ಕರೆ ಬಂತು. ನಾಲ್ಕು ದಿನವಾಗಬಹುದು, ಐದೂ ಆಗಬಹುದು ಎಂದು ಹೇಳಿ, ಮಗುವಿನ ನೆತ್ತಿ ಮೂಸಿ, ಹಗ್ಗದ ಚೀಲ ಹೆಗಲಿಗೇರಿಸಿ ಹೋದ. ಮಗುವಿಗೆ ಆಗಲೇ ಮೂಗು ಸೋರುತ್ತಿತ್ತು, ಮೈ ಬೆಚ್ಚಗಿತ್ತು. ನೆಗಡಿ ಎಂದುಕೊಂಡರು.

ಮಾರನೆಯ ರಾತ್ರಿ ಒಂದು ನಿದ್ದೆ ಮುಗಿಯುವ ಹೊತ್ತಿಗೆ ಕಾಜಾ ಅಕ್ಕನಿಗೆ ಒಂದು ಸದ್ದು ಕೇಳಿ ಎಚ್ಚರವಾಯಿತು. ಮೆಟ್ಟಿಲ ಮೇಲೆ ನಾಯಿ ಬೊಗಳುತ್ತಿದೆ ಎಂದುಕೊಂಡಳು. ಸದ್ದು ಮತ್ತೆ ಬಂದಾಗ ಅದು ಕೋಣೆಯೊಳಗಿನದು. ದೀಪ ಹಾಕಿದರೆ ಮಗು ಎದ್ದು ಕೂತಿದೆ, ಕಣ್ಣಲ್ಲಿ ಗಾಬರಿ, ಆ ಪುಟ್ಟ ಎದೆಯಿಂದ ನಾಯಿ ಬೊಗಳಿದಂಥ ಕೆಮ್ಮು. ಕೆಮ್ಮು ನಿಂತು ಉಸಿರೆಳೆದುಕೊಂಡಾಗ ಇನ್ನೊಂದು ಸದ್ದು, ತುಕ್ಕು ಹಿಡಿದ ಬಾಗಿಲು ಎಳೆದಂತೆ. ಅಳಲು ಹೋದರೆ ದನಿಯೇ ಇಲ್ಲ, ಬರೀ ಒಡಕು ಗಾಳಿ. ಸೆಟೆದುಕೊಳ್ಳಲಿ ಒದೆಯಲಿ ಎಂದು ಕಾಜಾ ಅಕ್ಕ ಮಗುವನ್ನು ಕಂಬಳಿ ಸಮೇತ ಬಾಚಿ ಎತ್ತಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದಳು.

ಕೆಳಮನೆಯಾಕೆ ಬ್ರೆಡ್ ವ್ಯಾನ್ ಓಡಿಸುವವಳು. ಊರು ಏಳುವ ಮುಂಚೆ ಅಂಗಡಿಗಳಿಗೆ ಬ್ರೆಡ್ ಮುಟ್ಟಿಸಬೇಕಾದ್ದರಿಂದ ಅವಳಿಗೆ ಆ ಹೊತ್ತೇ ಬೆಳಗು. ಒಂದು ಮಾತೂ ಕೇಳದೆ ವ್ಯಾನ್ ತೆಗೆದಳು. ಕಿಟಕಿಯ ಗಾಜು ಅರ್ಧ ಇಳಿಸಿದ್ದರಿಂದ ದಾರಿಯುದ್ದಕ್ಕೂ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವಿನ ಉಸಿರು ಅರ್ಧಕ್ಕರ್ಧ ಸರಿಯಾಗಿತ್ತು. ಮಗು ಕಾಜಾ ಅಕ್ಕನ ತೋಳಿನಿಂದ ಜಾರಿ, ಕಂಡು ಕೇಳರಿಯದ ಡಾಕ್ಟರಮ್ಮನ ಮಡಿಲಿಗೆ ತಾನಾಗಿಯೇ ಹತ್ತಿ ಕೂತಿತು. ಕಾಜಾ ಅಕ್ಕನ ಕೈಯಲ್ಲಿ ಕಂಬಳಿ ಉಳಿಯಿತು.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಗಾಬರಿ ಬೇಡ ಅಂದಳು. ಇದನ್ನು ಕ್ರೂಪ್ ಅನ್ನುತ್ತಾರೆ. ನೆಗಡಿಯೇ ಕೆಳಗಿಳಿದು ಉಸಿರಿನ ಕೊಳವೆಯ ಬಾಯಿ ಊದಿಕೊಂಡಿದೆ. ಮಕ್ಕಳಲ್ಲಿ ಆ ಕೊಳವೆ ಮೊದಲೇ ಸಣ್ಣದು, ಊದಿದರೆ ಇನ್ನೂ ಸಣ್ಣದಾಗಿ ಈ ಸದ್ದು ಬರುತ್ತದೆ. ಊತ ಇಳಿಯಲು ಒಂದು ಔಷಧಿ ಅಲ್ಲೇ ಕುಡಿಸಿ, ಮೂರು ಗಂಟೆ ಹೊತ್ತು ಕೂರಿಸಿಕೊಂಡು, ಬೆಳಕು ಹರಿಯುವಾಗ ಮನೆಗೆ ಕರೆದೊಯ್ಯಿರಿ ಅಂದಳು. ರಾತ್ರಿ ಮತ್ತೆ ಬರಬಹುದು. ಬಂದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಕಿಟಕಿ ತೆರೆದು ತಣ್ಣನೆ ಗಾಳಿ ಬಿಡಿ, ಗುಟುಕು ಗುಟುಕಾಗಿ ನೀರು ಕೊಡಿ. ಬಿಸಿನೀರಿನ ಹಬೆ ಬೇಡ. ಅದರಿಂದ ಗುಣವಾದ ಮಕ್ಕಳಿಗಿಂತ ಸುಟ್ಟುಕೊಂಡ ಮಕ್ಕಳೇ ಹೆಚ್ಚು. ಸುಮ್ಮನೆ ಕೂತಿದ್ದಾಗಲೂ ಆ ಎಳೆತದ ಸದ್ದು ಬಂದರೆ, ಕತ್ತಿನ ಕುಳಿ ಒಳಕ್ಕೆ ಸೇದಿಕೊಂಡರೆ, ತುಟಿ ಬಣ್ಣಗೆಟ್ಟರೆ, ಜೊಲ್ಲು ನುಂಗಲೂ ಆಗದಿದ್ದರೆ ಒಂದು ನಿಮಿಷ ಕಾಯದೆ ಕರೆತನ್ನಿ.

"ಎಲ್ಲಕ್ಕಿಂತ ಮುಖ್ಯ, ಅಳಿಸಬೇಡಿ," ಅಂದಳು. "ಅತ್ತಷ್ಟೂ ಬಿಗಿಯುತ್ತೆ. ಎತ್ಕೊಂಡು ಸಮಾಧಾನ ಮಾಡ್ತಿರಿ. ಇದಕ್ಕೆ ಅಮ್ಮನ ಮಡಿಲಿಗಿಂತ ಒಳ್ಳೆ ಔಷಧಿ ಇಲ್ಲ. ತಾಯಿ ನೀವೇ ಅಲ್ವಾ?"

"ನಾನು ಮನೇಲಿರೋಳು," ಅಂದಳು ಕಾಜಾ ಅಕ್ಕ.

ಬಾಗಿಲವರೆಗೆ ಹೋದವಳು ಮಗುವನ್ನು ವ್ಯಾನಿನಾಕೆಯ ಕೈಗೆ ಕೊಟ್ಟು ತಿರುಗಿ ಬಂದಳು. "ಡಾಕ್ಟ್ರೇ, ಮಗು ನಾನು ಹತ್ರ ಹೋದ್ರೇ ಅಳುತ್ತೆ," ಅಂದಳು. ಅಷ್ಟು ಹೇಳುವುದರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. "ಹಾಗಾದ್ರೆ ಹತ್ರ ಹೋಗಬೇಡಿ," ಅಂದಳು. "ಆದ್ರೆ ದೂರಾನೂ ಹೋಗಬೇಡಿ."

ಅದು ಬಿಸಿ ತುಪ್ಪದಂಥ ಮಾತಾಗಿತ್ತು, ನುಂಗಲೂ ಆಗದು ಉಗುಳಲೂ ಆಗದು. ಆ ಹಗಲೆಲ್ಲ ಕಾಜಾ ಅಕ್ಕ ಅದನ್ನೇ ಯೋಚಿಸಿದಳು. ಹಗಲಲ್ಲಿ ಮಗು ಚೆನ್ನಾಗಿಯೇ ಇತ್ತು. ದನಿ ಮಾತ್ರ ಮುದುಕಪ್ಪನ ದನಿ. ಜ್ವರದ ಔಷಧಿಯನ್ನು ವ್ಯಾನಿನಾಕೆ ಬಂದು ಕುಡಿಸಿಹೋದಳು. ಬರುವಾಗ ಹಬೆ ಹಿಡಿಸೋಣವೆಂದು ನೀರು ಕಾಯಿಸುವ ಕೆಟಲನ್ನೂ ತಂದಿದ್ದಳು. ಅವಳ ಅಮ್ಮ ಅವಳಿಗೆ ಹಾಗೇ ಮಾಡುತ್ತಿದ್ದಳಂತೆ. ಕಾಜಾ ಅಕ್ಕ ಬೇಡವೆಂದು ಕೈಮುಗಿದು ಕೆಟಲನ್ನು ಕೆಳಗೆ ಕಳಿಸಿದಳು. ವ್ಯಾನಿನಾಕೆ ಬೇಜಾರು ಮಾಡಿಕೊಳ್ಳದೆ, ರಾತ್ರಿ ಗಾಡಿಯ ಮುಖ ಬೀದಿಗೆ ತಿರುಗಿಸಿಯೇ ನಿಲ್ಲಿಸಿರುತ್ತೇನೆ, ನೆಲಕ್ಕೆ ಎರಡು ಸಲ ಕುಟ್ಟು ಸಾಕು ಅಂದಳು.

ಮಧ್ಯಾಹ್ನ ಅಜ್ಜಿಗೆ ಫೋನು ಮಾಡಿದಳು. ಅಜ್ಜಿಯ ದನಿ ಕೇಳಿದರೆ ಮಗುವಿಗೆ ಸಮಾಧಾನವಾಗಬಹುದು ಎಂದು ಅವಳ ಲೆಕ್ಕ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಫೋನಿನೊಳಗಿಂದ, ಏನು ಮಾಡ್ತಿದೀಯೇ ನನ್ನ ಮೆಣಸು, ಎಂಬ ಮಾತು ಬಂದದ್ದೇ ತಡ, ಮಗು ಫೋನನ್ನು ತಿರುಗಿಸಿ ಹಿಂದೆ ನೋಡಿತು, ಬಾಗಿಲ ಕಡೆ ನೋಡಿತು, ಎಲ್ಲೂ ಅಜ್ಜಿ ಕಾಣದೆ ಎದೆಯೊಡೆದು ಅಳತೊಡಗಿತು. ಅಳುವಿನ ಜೊತೆ ಆ ತುಕ್ಕಿನ ಬಾಗಿಲಿನ ಸದ್ದು. ಅಜ್ಜಿಗೂ ಅದು ಕೇಳಿಸಿತು. ಅವಳೇ ಮಾತು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು ಮಾಡಿ, ಪಿಸುದನಿಯಲ್ಲಿ, "ಇನ್ನು ಅವಳಿಗೆ ನನ್ನ ದನಿ ಕೇಳಿಸಬೇಡ ಕಣಮ್ಮ," ಅಂದಳು. "ರಸ್ತೆ ಮುಚ್ಚಿದೆ, ಬರೋಕೂ ಆಗಲ್ಲ. ನೀನುಂಟು, ಅವಳುಂಟು."

ಗಂಡನ ಫೋನು ಒಂದೇ ಒಂದು ಸಲ ಸಿಕ್ಕಿತು. ಹಿಂದೆ ಗಾಳಿ ಹೊಯ್ಯುತ್ತಿತ್ತು. ಅವನು ಬರಲು ಇನ್ನೂ ಎರಡು ದಿನ. ಎತ್ತರದಲ್ಲಿ ನಿಂತವನ ಕಾಲು ನಡುಗಬಾರದೆಂದು ಅವಳು ಅರ್ಧ ಮಾತ್ರ ಹೇಳಿದಳು. ನೀವು ತಂತಿ ನೋಡಿಕೊಳ್ಳಿ, ಇವಳನ್ನು ನಾನು ನೋಡಿಕೊಳ್ಳುತ್ತೇನೆ ಅಂದಳು. ಹೇಳಿದ ಮೇಲೆ, ಅದನ್ನು ನಂಬಿದವನು ಅವನೊಬ್ಬನೇ ಅನ್ನಿಸಿತು.

ಕತ್ತಲಾಯಿತು. ಮಗುವನ್ನು ಕಿಟಕಿಯ ಹತ್ತಿರದ ಹಾಸಿಗೆಯಲ್ಲಿ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎದುರು ಮೂಲೆಯಲ್ಲಿ ಕೂತಳು. ಮಾಸ್ತರು ಕಳಿಸಿದ್ದ ನಲವತ್ತು ಶಾಲೆ ಅಂಗಿಗಳು ಪಕ್ಕದಲ್ಲಿದ್ದವು. ಹತ್ತು ಗಂಟೆಯ ಸುಮಾರಿಗೆ ಮಗು ಬೊಗಳುತ್ತ ಎದ್ದು ಕೂತಿತು. ಕಾಜಾ ಅಕ್ಕ ಕಿಟಕಿ ತೆರೆದಳು. ತಣ್ಣನೆ ಗಾಳಿ ಒಳಗೆ ಬಂತು. ಹೊದಿಸಲೆಂದು ಕಂಬಳಿ ಹಿಡಿದು ಎರಡು ಹೆಜ್ಜೆ ಇಟ್ಟಳು. ಮಗುವಿನ ಮುಖ ಮುದುಡಿತು, ಬಾಯಿ ತೆರೆಯಿತು, ಒಳಗಿನಿಂದ ಆ ಎಳೆತ. ಎರಡು ಹೆಜ್ಜೆ ಹಿಂದಕ್ಕೆ ಬಂದಳು, ಎಳೆತ ಇಳಿಯಿತು. ಇನ್ನೊಮ್ಮೆ ಪ್ರಯತ್ನಿಸಿದಳು, ಇನ್ನೊಮ್ಮೆ ಹಾಗೆಯೇ ಆಯಿತು. ತಾನು ಮುಂದೆ ಹೋದರೆ ಮಗುವಿನ ಕತ್ತು ಬಿಗಿಯುತ್ತದೆ, ಹಿಂದೆ ಸರಿದರೆ ಸಡಿಲಾಗುತ್ತದೆ. ತನ್ನ ಪ್ರೀತಿಗೆ ಇಷ್ಟು ಸ್ಪಷ್ಟವಾದ ಉತ್ತರ ಅವಳಿಗೆ ಜೀವನದಲ್ಲಿ ಸಿಕ್ಕಿರಲಿಲ್ಲ.

ಆಗ ಅವಳು, ಯೋಚಿಸಿ ಮಾಡಿದ್ದೋ ಮುಖ ತೋರಿಸಲಾರದೆ ಮಾಡಿದ್ದೋ, ಮಗುವಿಗೆ ಬೆನ್ನು ಹಾಕಿ ಕೂತಳು. ಹಾಗೆ ಬೆನ್ನು ಹಾಕಿಯೇ ಕೂತಲ್ಲೇ ಹಿಂದಕ್ಕೆ ಸರಿಯುತ್ತ ಸರಿಯುತ್ತ ಹಾಸಿಗೆಯಿಂದ ಒಂದು ತೋಳಿನಷ್ಟು ದೂರದಲ್ಲಿ, ಗೋಡೆಗೆ ಮುಖಮಾಡಿ ಉಳಿದಳು. ಹಿಂದಿನ ಸದ್ದು ಹೆಚ್ಚಲಿಲ್ಲ. ಗುಂಡಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಅದರ ತಗಡಿನ ಮುಚ್ಚಳ ಹೊಳೆಯುತ್ತಿತ್ತು. ಮುಚ್ಚಳವನ್ನು ಮೊಣಕಾಲಿಗೆ ಆನಿಸಿ ಓರೆ ಮಾಡಿದರೆ ಹಿಂದೆ ಕೂತ ಮಗು ಅದರಲ್ಲಿ ಕಂಡಿತು. ತೆರೆದ ಕತ್ತು, ಕತ್ತಿನ ಕುಳಿ, ತುಟಿ. ಕುಳಿ ಒಳಕ್ಕೆ ಹೋಗುತ್ತಿರಲಿಲ್ಲ. ತುಟಿ ಕೆಂಪಗೇ ಇತ್ತು. ಸದ್ದು ಕೆಮ್ಮಿದಾಗ ಮಾತ್ರ ಬರುತ್ತಿತ್ತು. ಅಷ್ಟು ನೋಡಿ ಅವಳು ಒಂದು ಉಸಿರು ಬಿಟ್ಟಳು.

ಆಮೇಲೆ ಗುಂಡಿಗಳ ಜೊತೆ ಮಾತಿಗೆ ಕೂತಳು.

"ನೀನೆಲ್ಲಿಗೆ ಹೋಗ್ಬೇಕಪ್ಪ? ಕತ್ತಿಗಾ? ಕತ್ತಿನ ಗುಂಡಿ ಅಂದ್ರೆ ಸುಮ್ನೆ ಅಲ್ಲ, ಎಲ್ಲರಿಗಿಂತ ಮೇಲೆ ಕೂರ್ಬೇಕು. ನೀನು? ನಿಂಗೆ ಒಂದು ಕಣ್ಣು ಮುಚ್ಚಿಹೋಗಿದೆಯಲ್ಲೋ. ಇರು, ಸೂಜೀಲಿ ತೆರೀತೀನಿ."

ಹಿಂದೆ ಕೆಮ್ಮು ಬಂತು, ಹೋಯಿತು. ಅವಳು ತಿರುಗಲಿಲ್ಲ. ಹೊಟ್ಟೆಭಾಗದ ಗುಂಡಿ ತನಗೆ ಸೆಕೆ ಎಂದು ಗೊಣಗಿತು, ತೋಳಿನ ಗುಂಡಿಗೆ ಜೊತೆಗಾರನೇ ಇಲ್ಲದೆ ಬೇಜಾರಾಗಿತ್ತು, ಅವನ ಮದುವೆ ಮಾತುಕತೆಯಾಯಿತು. ಬಟ್ಟಲಲ್ಲಿ ನೀರು ಹಾಕಿ, ಹಿಂದೆ ನೋಡದೆ, ತೋಳನ್ನು ಬೆನ್ನ ಹಿಂದಕ್ಕೆ ಚಾಚಿ ನೆಲದ ಮೇಲಿಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಟ್ಟಲು ನೆಲಕ್ಕೆ ಉಜ್ಜಿದ ಸದ್ದು, ಗುಟುಕಿನ ಸದ್ದು. ಹೀಗೆ ಒಂದಲ್ಲ, ಎಂಟು ಸಲ.

ಮುಚ್ಚಳದಲ್ಲಿ ಮಗು ದೊಡ್ಡದಾಗುತ್ತ ಬಂತು. ಹಾಸಿಗೆಯಿಂದಿಳಿದು ಹತ್ತಿರ ಬರುತ್ತಿತ್ತು. ಕಾಜಾ ಅಕ್ಕ ಮುಚ್ಚಳವನ್ನು ಕೆಳಗಿಟ್ಟಳು, ನೋಡಿದ್ದು ಗೊತ್ತಾದರೆ ಓಡಿಹೋದೀತು ಎಂದು. ಕಿಟಕಿಯ ಗಾಳಿಗೆ ಚಳಿಯಾಯಿತೋ, ಕೂತು ಕೂತು ಸೊಂಟ ಸೋತಿತೋ, ಆನಿಕೊಳ್ಳಲು ಅಲ್ಲಿ ಬೇರೆ ಏನೂ ಇರಲಿಲ್ಲವೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬೆನ್ನಿಗೆ ಏನೋ ತಾಗಿತು. ಅಂಗೈಯೇನೋ ಎಂದುಕೊಂಡಳು. ಅಲ್ಲ. ಮಗು ಅವಳ ಕಡೆಗೆ ಬೆನ್ನು ತಿರುಗಿಸಿ, ಗೋಡೆಗೆ ಆನಿಕೊಳ್ಳುವವರ ಹಾಗೆ, ತನ್ನ ಬೆನ್ನನ್ನು ಅವಳ ಬೆನ್ನಿಗೆ ಆನಿಸಿ ಕೂತಿತ್ತು.

ಸೂಜಿ ಹಿಡಿದ ಕೈ ಹಾಗೇ ನಿಂತಿತು. ಮೊಣಕೈ ಆಡಿಸಿದರೆ ಬೆನ್ನು ಅಲುಗುತ್ತದೆ. ಅಷ್ಟು ಸಣ್ಣ ಬೆನ್ನು. ಅವಳ ಎರಡು ಭುಜದ ಮೂಳೆಗಳ ನಡುವೆಯೇ ಇಡೀ ಮಗು ಹಿಡಿಸಿತ್ತು. ಬಟ್ಟೆಯ ಮೂಲಕ ಜ್ವರದ ಬಿಸಿ ಬಂತು. ಆಮೇಲೆ ಉಸಿರು. ಒಳಗೆ ಹೋಗುವಾಗ ದಾರ ಗಂಟಿಗೆ ಸಿಕ್ಕಂತೆ ಒಂದು ತಡೆ, ಹೊರಗೆ ಬರುವಾಗ ಸರಾಗ. ಅದು ಅವಳ ಕಿವಿಗಲ್ಲ, ನೇರವಾಗಿ ಅವಳ ಬೆನ್ನುಮೂಳೆಗೇ ಕೇಳಿಸುತ್ತಿತ್ತು. ತಡೆ ಹೆಚ್ಚಾದರೆ ನೆಲಕ್ಕೆ ಕುಟ್ಟಲು ಎಡಗಾಲಿನ ಹಿಮ್ಮಡಿಯನ್ನು ಸಿದ್ಧ ಮಾಡಿಕೊಂಡಳು. ತಡೆ ಹೆಚ್ಚಲಿಲ್ಲ.

ತಿರುಗಿ ಎತ್ತಿಕೊಳ್ಳಬೇಕು ಅನ್ನುವ ಆಸೆ ಅವಳಿಗೆ ಆಗ ಹುಟ್ಟಿದ್ದು ಸಾಧಾರಣ ಆಸೆಯಲ್ಲ. ತೋಳುಗಳು ನೋಯುವಷ್ಟು, ಹಲ್ಲು ಕಚ್ಚಿಕೊಳ್ಳುವಷ್ಟು. ಒಂದು ಗೇಣು ತಿರುಗಿದರೆ ಮಗು ಮಡಿಲಲ್ಲಿರುತ್ತಿತ್ತು. ಆ ಒಂದು ಗೇಣನ್ನು ಅವಳು ತಿರುಗಲಿಲ್ಲ.

"ಅಜ್ಜಿ ಬರ್ತಾಳಾ?" ಎಂದಿತು ಹಿಂದಿನಿಂದ ಒಡಕು ದನಿ. ಎರಡು ತಿಂಗಳಲ್ಲಿ ಅದು ಅವಳನ್ನು ಕೇಳಿದ ಮೊದಲ ಮಾತು.

ಸುಳ್ಳು ಹೇಳಬಹುದಿತ್ತು. ಗೋಡೆಗೇ ಹೇಳುವಂತೆ, "ಬರ್ತಾಳೆ. ಇವತ್ತಲ್ಲ," ಅಂದಳು.

ಉಸಿರು ಐದಾರು ಸಲ ಹೋಗಿ ಬಂತು.

"ನೀ ಹೋಗ್ತೀಯಾ?"

"ಹೋಗಲ್ಲ. ಅಜ್ಜಿ ಬಂದ್ರೂ ಹೋಗಲ್ಲ. ಇಬ್ರೂ ಇರ್ತೀವಿ."

ಆ ಲೆಕ್ಕ ಮಗುವಿಗೆ ಹೊಸದು. ಒಬ್ಬರು ಬಂದರೆ ಒಬ್ಬರು ಹೋಗಬೇಕಾಗಿಲ್ಲ ಎನ್ನುವುದು. ಕೆಮ್ಮು ಇನ್ನೆರಡು ಸಲ ಬಂದು ಇಬ್ಬರ ಬೆನ್ನನ್ನೂ ಒಟ್ಟಿಗೆ ಅಲುಗಿಸಿತು. ಆಮೇಲೆ ತಲೆಯ ಭಾರವೂ ಅವಳ ಮೇಲೆ ಬಿತ್ತು. ನಿದ್ದೆ. ಮಲಗಿಸಲು ಹೋದರೆ ಎದ್ದೀತು, ಕೂತಿರುವುದೇ ಒಳ್ಳೆಯದು ಎಂದು ಅವಳು ಹಾಗೇ ಕೂತಳು. ಕಾಲು ಜೋಮು ಹಿಡಿದು, ಆಮೇಲೆ ಅದೂ ಗೊತ್ತಾಗದಂತಾಯಿತು. ಬೀದಿಯಲ್ಲಿ ಮೊದಲ ಸೈಕಲ್ಲಿನ ಗಂಟೆ ಕೇಳುವವರೆಗೆ ಅವಳು ಅಲುಗಲಿಲ್ಲ.

ಬೆಳಕಾಗುವಾಗ ವ್ಯಾನಿನಾಕೆ ಮೆಲ್ಲಗೆ ಬಾಗಿಲು ತಳ್ಳಿ ನೋಡಿದಳು. ಕಾಜಾ ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದಳು. ವ್ಯಾನಿನಾಕೆ ಬಂದು ನಿದ್ದೆಗಣ್ಣಿನ ಮಗುವನ್ನು ಎರಡು ಕೈಯಲ್ಲಿ ಎತ್ತಿ, ಹೆಗಲಿಗೆ ಹಾಕಿ ತಟ್ಟಿ, ದಿಂಬು ಎತ್ತರ ಮಾಡಿ ಮಲಗಿಸಿದಳು. ರಾತ್ರಿಯೆಲ್ಲ ಕಾದವಳಿಗೆ ಎತ್ತಿಕೊಳ್ಳುವುದು ದಕ್ಕಲಿಲ್ಲ. ಬೆನ್ನು ತಣ್ಣಗಾಯಿತು. ಜೋಮು ಹಿಡಿದ ಕಾಲನ್ನು ತಿಕ್ಕಿಕೊಳ್ಳುವ ನೆಪದಲ್ಲಿ ಅವಳು ತಲೆ ಬಗ್ಗಿಸಿ ಸ್ವಲ್ಪ ಅತ್ತಳು.

ಎಂಟು ಗಂಟೆಗೆ ಎದ್ದ ಮೆಣಸು ಎಂದಿನಂತೆ ಚಪ್ಪಲಿ ತಂದು ಹೊಸ್ತಿಲಲ್ಲಿಟ್ಟಿತು. ರೂಢಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಆದರೆ ಅಂದು ಪಕ್ಕಕ್ಕೆ ನಿಂತು ಕಾಯಲಿಲ್ಲ, ಇಟ್ಟು ಹೊರಟುಹೋಯಿತು. ಮೂರನೆಯ ರಾತ್ರಿ ಕೆಮ್ಮು ಹಗುರಾಗಿತ್ತು. ಮಗು ತಾನೇ ಗುಂಡಿ ಡಬ್ಬಿ ಎತ್ತಿಕೊಂಡು ಬಂದು, ನೆಲದ ಮೇಲಿಟ್ಟು, ಬೆನ್ನು ತಿರುಗಿಸಿ ಕೂತು, ಹಿಂದೆ ಆಸರೆ ಬರಲೆಂದು ಕಾದಿತು.

ನಾಲ್ಕನೆಯ ದಿನ ಲೈನ್‌ಮನ್ ಬಂದ. ಅಂಗೈಯಲ್ಲಿ ಹಗ್ಗದ ಗಾಯ, ಅಂಗಿಯಲ್ಲಿ ಗುಂಡಿಯೇ ಇಲ್ಲ. ಎಲ್ಲ ಕೇಳಿದ ಮೇಲೆ, ನಿನ್ನ ಹತ್ತಿರ ಬಂದಳೇ ಎಂದು ಕೇಳಿದ. ಹತ್ತಿರ ಬರಲಿಲ್ಲ, ಹಿಂದೆ ಬಂದಳು ಎಂದು ಅವಳು ನಕ್ಕಳು. ಅವನು ಬೂಟೂ ಬಿಚ್ಚದೆ ನಿದ್ದೆಹೋದ.

ಮಗು ಗುಣವಾಯಿತು. ಗುಣವಾದ ಮಗು ಓಡುತ್ತದೆ, ಹಾರುತ್ತದೆ, ಆನಿಕೊಳ್ಳುವುದಿಲ್ಲ. ಈಗ ಅವಳ ಕೈಯಿಂದ ಊಟ ಮಾಡುತ್ತಿತ್ತು, ಗುಂಡಿ ಹಾಕಿಸಿಕೊಳ್ಳುತ್ತಿತ್ತು, ಬೀದಿಯವರ ಹಾಗೆ ಕಾಜಾ ಎಂದು ಕರೆಯುತ್ತಿತ್ತು. ಇಷ್ಟು ಸಿಕ್ಕಿದ್ದಕ್ಕೆ ಅವಳಿಗೆ ಖುಷಿಯೇ. ಆದರೆ ರಾತ್ರಿ ದೀಪ ಆರಿದ ಮೇಲೆ, ಪಕ್ಕದ ಹಾಸಿಗೆಯ ಸರಾಗ ಉಸಿರನ್ನು ಕೇಳುತ್ತ, ಬೆನ್ನಿನ ಆ ಜಾಗ ಅವಳಿಗೆ ಖಾಲಿ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಅರೆನಿದ್ದೆಯಲ್ಲಿ ತಾನು ಏನನ್ನೋ ಕಾಯುತ್ತಿದ್ದೇನೆ ಎಂದು ಗೊತ್ತಾಗಿ, ಏನನ್ನು ಎಂದು ತಿಳಿದಾಗ ಧಿಗ್ಗನೆ ಎದ್ದು ಕೂರುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ಅದು ಬಂದೇ ಬಂತು. ಆ ರಾತ್ರಿ ಬೊಗಳುವ ಕೆಮ್ಮು ಕೇಳಿದ ತಕ್ಷಣ ಅವಳು ಕಿಟಕಿ ತೆರೆದಳು. ತಿರುಗಿ ಕೂರುವಷ್ಟರಲ್ಲಿ ಮೆಣಸು ಓಡಿಬಂದು ಮುಂದಿನಿಂದಲೇ ಅವಳ ಮಡಿಲು ಹತ್ತಿ, ಮುಖವನ್ನು ಅವಳ ಕತ್ತಿನೊಳಗೆ ಹುದುಗಿಸಿತು. ಗಂಡ ಔಷಧಿಗೆ ಓಡಿದ. ಅವಳು ನೆಟ್ಟಗೆ ಕೂತು, ಕಂಬಳಿ ಸುತ್ತಿ, ಉಸಿರು ಎಣಿಸಿದಳು. ಭಯವಿತ್ತು. ಭಯದ ಅಡಿಯಲ್ಲಿ, ನೀರಿನಡಿಯ ಕಲ್ಲಿನಂತೆ, ಸಂತೋಷವೂ ಇತ್ತು.

ಆ ಸಂತೋಷ ಅವಳನ್ನು ಬಹಳ ದಿನ ಸುಟ್ಟಿತು. ಬೇಸಿಗೆಯಲ್ಲಿ ಅಜ್ಜಿ ಹದಿನೈದು ದಿನಕ್ಕೆಂದು ಬಂದಾಗ, ಇಬ್ಬರೇ ಬಟ್ಟೆ ಮಡಿಸುತ್ತ ಕೂತಿದ್ದಾಗ, ಅವಳು ಬಾಯಿಬಿಟ್ಟಳು.

"ಅತ್ತೆ, ಒಂದೊಂದು ಸಲ ಅವಳಿಗೆ ಕೆಮ್ಮು ಬರಲಿ ಅನ್ಸುತ್ತೆ. ನಾನೆಂಥ ಹೆಂಗಸು?"

ಅಜ್ಜಿ ಮಡಿಸುವುದನ್ನು ನಿಲ್ಲಿಸಲಿಲ್ಲ. "ಎಲ್ಲ ಹೆಂಗಸರಂಥ ಹೆಂಗಸು," ಅಂದಳು. "ಮೈ ಬಿಸಿ ಇದ್ದ ಮಗುನೇ ಮಡಿಲಲ್ಲಿ ಕೂರೋದು. ಗಟ್ಟಿಯಾಗಿದ್ರೆ ಬೀದೀಲಿರುತ್ತೆ. ನಿನ್ನ ಗಂಡ ಎಂಟು ವರ್ಷದವನಿದ್ದಾಗ ಕಾಲು ಮುರ್ಕೊಂಡು ಮೂರು ತಿಂಗಳು ಮನೇಲಿದ್ದ. ನನ್ನ ಜೀವನದಲ್ಲಿ ಅಂಥ ಮೂರು ತಿಂಗಳು ಮತ್ತೆ ಬರಲಿಲ್ಲ ಕಣೇ. ಅವನಿಗೆ ಹೇಳಬೇಡ ಮತ್ತೆ."

ಇಬ್ಬರೂ ಕೆಲಸ ಮುಂದುವರಿಸಿದರು. ಅಜ್ಜಿಯ ಕಣ್ಣು ಬೀದಿಯಲ್ಲಿ ಆಡುತ್ತಿದ್ದ ಮೊಮ್ಮಗಳ ಮೇಲಿತ್ತು. ಅಜ್ಜಿ ಬಂದ ದಿನ ಮಗು ಅವಳ ಸೊಂಟ ಹತ್ತಿರಲಿಲ್ಲ, ಕಾಜಾ ಅಕ್ಕನ ಹಿಂದೆ ನಿಂತು ಇಣುಕಿ ನೋಡಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಡಾಕ್ಟರಮ್ಮ ಹೇಳಿದ್ದಳು, ಬೆಳೆಯುತ್ತ ಬೆಳೆಯುತ್ತ ಆ ಕೊಳವೆ ಅಗಲವಾಗುತ್ತದೆ, ಐದಾರು ವರ್ಷ ದಾಟಿದರೆ ಇದು ಬರುವುದು ಅಪರೂಪ ಎಂದು. ಹಾಗೆಯೇ ಆಯಿತು. ನಾಲ್ಕರಲ್ಲಿ ಒಮ್ಮೆ ಸಣ್ಣಗೆ ಬಂತು, ಐದರಲ್ಲಿ ಬರಲಿಲ್ಲ. ಆರು ದಾಟಿ ಏಳರ ಚಳಿಗಾಲ. ಹುಡುಗಿ ಈಗ ಒಳಕೋಣೆಯಲ್ಲಿ ಒಬ್ಬಳೇ ಮಲಗುತ್ತಿದ್ದಳು. ಒಂದು ರಾತ್ರಿ ಅಲ್ಲಿಂದ ಕೆಮ್ಮು ಕೇಳಿಸಿತು. ಕಾಜಾ ಅಕ್ಕ ಗಂಡನಿಗಿಂತ ಮೊದಲೇ ಎದ್ದು, ಕತ್ತಲಲ್ಲೇ ಬಟ್ಟಲಿಗೆ ನೀರು ಬಗ್ಗಿಸಿಕೊಂಡು ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಇನ್ನೊಂದು ಕೆಮ್ಮು ಬಂತು. ಎಲ್ಲ ಮಕ್ಕಳೂ ಕೆಮ್ಮುವ ಸಾ‌ಧಾರಣ ನೆಗಡಿ ಕೆಮ್ಮು. ಉಸಿರು ಸರಾಗವಾಗಿ ಒಳಗೆ ಹೋಗಿ ಸರಾಗವಾಗಿ ಹೊರಗೆ ಬಂತು.

"ಏನಾಗಿಲ್ಲ, ಹೋಗಿ ಮಲ್ಕೋ ಕಾಜಾ," ಅಂದಳು ಹುಡುಗಿ, ಕಣ್ಣು ತೆರೆಯದೆ, ಗೋಡೆಯ ಕಡೆ ಮಗ್ಗುಲಾಗಿ.

ಕಾಜಾ ಅಕ್ಕ ಬಟ್ಟಲನ್ನು ಅವಳ ದಿಂಬಿನ ಪಕ್ಕ ಇಟ್ಟಳು. ಹೋದಳು, ಮಲಗಿದಳು. ಬಹಳ ಹೊತ್ತಿನವರೆಗೆ ನಿದ್ದೆ ಬರಲಿಲ್ಲ.